ಅತ್ತಿ ಸೀರಿ ಕಾಲಕಡಿ

...ಇರುವಿ ನಾ ಕರದಿದ್ದಿಲ್ಲಪಾ, ಅದನ್ನ ಮೊದಲ ಹೇಳಿಬಿಡ್ತೀನಿ. ಹೋಳಿಗಿ ಇಟ್ಟಿದ್ದು ಖರೇ. ನಿಮ್ಮಪ್ಪ ಬಂದ ಮಂದಿ ಮುಂದೆಲ್ಲಾ ಹೇಳ್ತಾನಲ್ಲ, 'ನಮ್ಮವ್ವ ಕಂಪ್ಯೂಟರ್ ಕಂಪ್ನಿಗೆ ಇರುವಿ ಪಾರ್ಸಲ್ ಮಾಡಿದ್ಲು' ಅಂತ, ಅದು ಅರ್ಧಾ ಸುಳ್ಳು. ಏ ತಮ್ಮಾ, ಆ ಕೌದಿ ಮ್ಯಾಲಿಂದ ಕಾಲ ತಗಿ. ಅಲ್ಲಲ್ಲ, ಇಡು, ಇಡು, ಕಾಲ ಇಡಾಕಽ ಐತಿ ಅದು. ಆ ಹಸರ ತುಂಡಿನ ಮ್ಯಾಲೆ ಇಡು, ಹಾಂ, ಅಲ್ಲೆ. ಅದರ ಕಥಿನಽ ಹೇಳಾಕತ್ತೀನಿ. ನಿಮ್ಮ ಸಾಲ್ಯಾಗ ಏನೋ ಬರಕೊಂಡ ಬಾ ಅಂದಾರಲ್ಲ, ಕೈಲೆ ಸಾಮಾನ ಮಾಡೋರಿಗೆ ಅದು ಹೆಂಗ ಹೊಳೀತೈತಿ ಅಂತ? ಬರಕೊ. ಆದ್ರ ಎಲ್ಲಾ ಬರೀಬ್ಯಾಡ, ನಿಮ್ಮ ಟೀಚರಗೂ ಅತ್ತಿ ಇರಬೇಕು.

ಆವಾಗ ನಾವು ಇದಽ ತಾರ್ನಾಕದಾಗ ಇದ್ವಿ. ಈ ಮನಿ ಅಲ್ಲ, ಆ ಕಡಿ ಓಣ್ಯಾಗ, ಒಬ್ಬರ ಮನಿ ಹಿಂದ ಎರಡ ಖೋಲಿ. ನಿಮ್ಮ ಮುತ್ಯಾ ಬೇಗಂ ಬಜಾರದಾಗ ಕಿರಾಣಿ ಅಂಗಡ್ಯಾಗ ತೂಕ ಮಾಡೋ ಕೆಲಸಕ್ಕಿದ್ದ. ಭಾಳ ಗಟ್ಟಿ ಮನಶ್ಯಾ, ಹುಣಸಿಹಣ್ಣಿನ ಚೀಲ ಒಬ್ಬನಽ ಎತ್ತತಿದ್ದ. ಒಂದಿನ ಸಕ್ಕರಿ ಚೀಲದ ಥಪ್ಪಿ ಜರದು ಒಂದು ಚೀಲ ಸೀದಾ ಸೊಂಟದ ಮ್ಯಾಲೆ ಬಿತ್ತು ನೋಡ್ರಿ. ಅಂಗಾತ ಮಲಗಿದಾಂವ ಒಂದ ವರ್ಷ ಮಲಗಿದ. 'ನನಗೆಂಥಾ ನಸೀಬ ನೋಡ, ಸಕ್ಕರಿನಽ ಬೀಳಬೇಕಾ, ಖಾರಾ ಬಿದ್ದಿದ್ರ ಸೀನಕೋತರೆ ಏಳ್ತಿದ್ದೆ' ಅಂತಿದ್ದ. ನಗತಿದ್ದ ಖರೇ, ಗ್ವಾಡಿ ಕಡಿ ಹೊಳ್ಳಿದ ಮ್ಯಾಲೆ ಅಳತಿದ್ದ, ನನಗೇನ ಗೊತ್ತಾಗತಿದ್ದಿಲ್ಲ ಅಂತ ತಿಳಕೊಂಡಿದ್ದ.

ನಮ್ಮ ಅತ್ತಿ, ಅಂದ್ರ ನಿಮ್ಮ ಮುತ್ಯಾನ ಅವ್ವ, ಆಕಿದು ಒಂದಽ ಮಾತು. 'ಊರಿಗೆ ಹೋಗೂಣು, ಗಂಟ ಕಟ್ಟು.' ಊರು ಅಂದ್ರ ಇಂಡಿ ಕಡಿ. ಅಲ್ಲೇನಿತ್ತು? ಅಣ್ಣತಮ್ಮರು ಪಾಲ ಮಾಡಕೊಂಡಾಗ ನಮ್ಮ ಪಾಲಿಗೆ ಒಂದು ಗ್ವಾಡಿ ಬಂದಿತ್ತು. ಗ್ವಾಡಿ ತಿಂತಾರೇನು? ನಿಮ್ಮಪ್ಪ ಎಂಟನೇತ್ತೆ ಓದತಿದ್ದ, ಮಾಸ್ತರು ಇವನ್ನ ಬಿಡಿಸಬ್ಯಾಡ್ರಿ ಅಂತ ಮನಿತನಕಾ ಬಂದು ಹೇಳಿ ಹೋಗಿದ್ರು. ಊರಿಗೆ ಹೋದ್ವಿ ಅಂದ್ರ ಅವನ ಸಾಲಿ ಅಲ್ಲಿಗೆ ಮುಗೀತು, ದನಾ ಕಾಯಾಕ ಹಚ್ಚತಿದ್ರು. ನಾ ಒಲ್ಲೆ ಅಂದೆ. 'ಒಲ್ಲೆ ಅಂದ್ರ ಹೊಟ್ಟಿಗೇನು?' ಅಂದ್ಲು. ನನಗ ಬರತಿದ್ದದ್ದು ಒಂದಽ ಕೆಲಸ. ಹಳೀ ಸೀರಿ, ಹಳೀ ಧೋತರ ಒಂದರ ಮ್ಯಾಲೊಂದ ಹಾಸಿ, ಮ್ಯಾಲೆ ಬಣ್ಣಬಣ್ಣದ ತುಂಡ ಹಚ್ಚಿ, ಅಂಚಿನಿಂದ ಹೊಲಕೋತ ಹೊಲಕೋತ ನಡುವಿಗೆ ಬರೂದು. ಕೌದಿ. ಇಲ್ಲಿ ತೆಲುಗು ಮಂದಿ ಬೊಂತ ಅಂತಾರ. ಓಣ್ಯಾಗ ಒಬ್ಬರಿಗೆ ಹೊಲಕೊಟ್ಟೆ, ಇಬ್ಬರಿಗೆ ಹೊಲಕೊಟ್ಟೆ, ಜ್ವಾಳಕ್ಕ ಆಗತಿತ್ತು, ಬ್ಯಾಳಿಗೆ ಆಗತಿದ್ದಿಲ್ಲ.

ಹೊಲಿಯೂದರೆ ಸುಖದಾಗಿತ್ತೇನು? ಅತ್ತಿ ಬಾಜೂಕ ಹೊರಸಿನ ಮ್ಯಾಲೆ ಕುಂತು, ಕಣ್ಣ ಕಾಣಂಗಿಲ್ಲ ಅಂತ ಮಂದಿಗೆ ಹೇಳಾಕಿ, ನನ್ನ ಹೊಲಿಗಿ ಮಾತ್ರ ಹದ್ದಿನಂಗ ನೋಡತಿದ್ಲು. 'ಸೊಟ್ಟ ಹೋತು. ಬಿಚ್ಚು.' ಬಿಚ್ಚತಿದ್ದೆ. 'ಉದ್ದ ಆತು ಹೊಲಿಗಿ, ಕಾಲುಂಗುರ ಸಿಗತೈತಿ. ಬಿಚ್ಚು.' ಬಿಚ್ಚತಿದ್ದೆ. ಎದುರಿಗೆ 'ಹೌದ್ರಿ ಅತ್ತ್ಯಾರ' ಅನ್ನೂದು, ಹೊಟ್ಯಾಗ ಬ್ಯಾರೇನಽ ಅನ್ನೂದು. ಆಕಿದೊಂದು ಹಸರ ಇಳಕಲ್ ಸೀರಿ ಇತ್ತು, ಪದರ ಹರದಿತ್ತು, 'ತಗೊ, ಮನಿ ಕೌದಿಗೆ ಹಾಕು, ಛಲೋ ಜಾಗಾದಾಗ ಹಾಕು' ಅಂತ ಕೊಟ್ಲು. ಛಲೋ ಜಾಗಾದಾಗಽ ಹಾಕಿದೆ. ಕಾಲಕಡಿ! ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಇನ್ನಾ ಬಂದಿದ್ದಿಲ್ಲ, ಆದ್ರ ಎರಡ ಕಾಲರೆ ಇದ್ವಲ್ಲ! ಆ ಕೌದಿ ನಿಮ್ಮ ಮುತ್ಯಾ ಹೊದಿತಿದ್ದ, ನಾನೂ ತುದಿಗೆ ಕಾಲ ಸೇರಿಸತಿದ್ದೆ, ಅತ್ತಿ ಸೀರಿಗೆ ಕಾಲ ತಾಗಸಿ ತಾಗಸಿ ಮಲಗತಿದ್ದೆ, ಎಂಥಾ ನಿದ್ದಿ ಬರತಿತ್ತು ಅಂತೀರಿ. ನಗಬ್ಯಾಡ್ರಿ. ನಕ್ಕೋತ ಬರೀಬ್ಯಾಡೋ, ಅಕ್ಷರ ಸೊಟ್ಟ ಆಗತಾವು, ಬಿಚ್ಚು ಅಂತೀನಿ ನೋಡ.

ಇನ್ನ ಮ್ಯಾಲಿನ ಖೋಲ್ಯಾಗ ಒಂದು ಮೈಸೂರ ಹುಡುಗಿ ಬಾಡಿಗಿಗಿದ್ಲು, ಸುಮಾ ಅಂತ. ಆಗ ಮಾದಾಪುರದ ಕಡಿ ಬಂಡೆಗಲ್ಲು ಒಡದು ಗಾಜಿನ ಬಿಲ್ಡಿಂಗ್ ಕಟ್ಟಾಕತ್ತಿದ್ರು, ಅದರಾಗ ಕಂಪ್ಯೂಟರ್ ಕೆಲಸ ಆಕಿಗೆ. ಒಂದಿನ ಬಿಸಲಿಗೆ ಹಾಕಿದ್ದ ಈ ಕೌದಿ ನೋಡಿ ಮೆಟ್ಟಲ ಮ್ಯಾಲೆ ನಿಂತಬಿಟ್ಲು. 'ಆಂಟಿ, ಇದನ್ನ ನೀವೇ ಮಾಡಿದ್ದಾ? ಎಷ್ಟು ಚೆನ್ನಾಗಿದೆ! ನಮ್ಮ ಆಫೀಸಲ್ಲಿ ಗೋಡೆಗೆ ಹಾಕೋಕೆ ಇಂಥದ್ದೇ ಹುಡುಕ್ತಿದಾರೆ, ಹನ್ನೆರಡು ಬೇಕು.' ಕೌದಿ ಗ್ವಾಡಿಗ್ಯಾಕ? ಗ್ವಾಡಿಗೆ ಥಂಡಿ ಹತ್ತತೈತೇನು? ಕೇಳಲಿಲ್ಲ ನಾ, ಹೊಟ್ಟಿಗೆ ಬರೂದನ್ನ ಯಾಕ ಬ್ಯಾಡ ಅನ್ನೂದು. ಹೊರದೇಶದ ಮಂದಿ ಬರತಾರಂತ, ಅವರು ನೋಡಿ ಹೌದು ಅಂದ್ರ ಮುಂದನೂ ಕೆಲಸ ಕೊಡ್ತಾರಂತ. ಅತ್ತಿಗೆ ಹೇಳಿದೆ, 'ಈ ಹನ್ನೆರಡು ಪಾಸಾದ್ರ ಹೈದರಾಬಾದಿನಾಗ ಇರೂಣ್ರಿ. ಆಗಲಿಲ್ಲಂದ್ರ ನೀವಂದಂಗ ಗಂಟ ಕಟ್ಟತೀನಿ.' ಆಕಿ 'ಮೊದಲ ಆ ಹೊಲಿಗಿ ಬಿಚ್ಚು' ಅಂದ್ಲು.

ಹನ್ನೆರಡೂ ಮುಗದ್ವು. ಮುಗದ ದಿನ ಸುಮಾ ಒಂದು ಕಾಗದ ಹಿಡಕೊಂಡ ಬಂದ್ಲು. 'ಪ್ರತಿ ಕೌದಿ ಕೆಳಗೆ ಒಂದು ಕಾರ್ಡ್ ಇರುತ್ತೆ ಆಂಟಿ. ಹೆಸರು ಬರ್ಕೊಂಡೆ, ಊರು ಬರ್ಕೊಂಡೆ. ಪ್ರೇರಣೆ?' ನಾ ಅಂದೆ, 'ಪ್ರೇರಣಾ? ಆ ಹೆಸರಿನಾಕಿ ನಮ್ಮ ಮನಿತನದಾಗ ಯಾರೂ ಇಲ್ಲವಾ.' ಒಳಗಿಂದ ಅತ್ತಿ, 'ಯಾರಾಕಿ ಪ್ರೇರಣಾ? ಬಾಡಗಿ ಮನ್ಯಾಗ ಮತ್ತೊಬ್ಬಾಕಿನ್ನ ಎಲ್ಲಿ ಮಲಗಸ್ತಿ?' ಸುಮಾ ಹಣಿ ಹಣಿ ಬಡಕೊಂಡ್ಲು. 'ಅಯ್ಯೋ ಹಾಗಲ್ಲ ಆಂಟಿ. ಇದನ್ನ ಹೊಲಿಯೋಕೆ ನಿಮಗೆ ಮನಸ್ಸು ಹೇಗೆ ಬಂತು? ಈಗ ನೋಡಿ, ಈ ಹಸಿರು ತುಂಡು ಎಲ್ಲದರಲ್ಲೂ ಒಂದು ತುದೀಲೇ ಇದೆಯಲ್ಲ, ಯಾಕೆ?' ಆ ಸೀರಿ ಹದಿನೆಂಟ ಮೊಳದ್ದು, ಉಳದದ್ದನ್ನೆಲ್ಲಾ ಹನ್ನೆರಡಕ್ಕೂ ಹಂಚಿಬಿಟ್ಟಿದ್ದೆ, ಕಾಲಕಡಿನಽ. ಸುಮಾನ ಕಿವ್ಯಾಗ ಹೇಳಿದೆ. ಸಣ್ಣ ದನೀಲೆ ಹೇಳಿದೆ ಅಂತ ನಾ ತಿಳಕೊಂಡಿದ್ದೆ, ನನ್ನ ಸಣ್ಣ ದನಿ ನಿಮಗ ಗೊತ್ತಲ್ಲ. ಸುಮಾ ನಕ್ಕ ನಕ್ಕ ನೆಲಕ್ಕ ಕುಂತ್ಲು. ಒಳಗ ಹೊರಸು ಕಿರ್ ಅಂತು. ಅಷ್ಟ.

ಕಾರ್ಡಿನಾಗ ಹಂಗ ಬರೀಲಿಕ್ಕೆ ಆಗಂಗಿಲ್ಲ ಅಂತ ಸುಮಾ ತಾನಽ ಏನೋ ಬರಕೊಂಡ್ಲು, 'ಪ್ರೇರಣೆ: ಭೀಮಾ ನದಿಯ ತೆರೆಗಳು ಮತ್ತು ಸೂರ್ಯಾಸ್ತ.' ಯವ್ವಾ, ಭೀಮಾ ಹೊಳಿ ನಾ ನೋಡಿದ್ದು ಬಸ್ಸಿನ ಕಿಡಕ್ಯಾಗಿಂದ, ಅದೂ ವಾಂತಿ ಮಾಡಕೋತ.

ಅವತ್ತಿಂದ ಅತ್ತಿ ಮಾತ ಬಿಟ್ಲು. ಬೈಯೋ ಅತ್ತಿ ಬೈದ್ರ ಸುಖಾ ಇರತೈತಿ, ಸುಮ್ಮನ ಕುಂತ್ರ ಅಂಜಿಕಿ ಹತ್ತತೈತಿ. ಆ ಅಂಜಿಕ್ಯಾಗಽ ನನ್ನ ಕೈ ತಪ್ಪಿತು. ಹೆಂಗ ಅಂದ್ರ, ನಮ್ಮ ಮನಿತನದಾಗ ಒಂದು ಪದ್ಧತಿ. ಕೌದಿ ಹಸದ ಮನಿ ಬಿಡಬಾರದು. ಅದರ ಒಂದು ಮೂಲ್ಯಾಗ ಸಣ್ಣ ಕಿಸೆ ಬಿಟ್ಟು ಒಣ ರೊಟ್ಟಿ ಚೂರ ಇಡೂದು, ಯಾರ ಮನಿಗೆ ಹೋತೋ ಅವರು ಅದನ್ನ ತಗದು ಹಕ್ಕಿಗೆ ಹಾಕಿ ಆಮ್ಯಾಲೆ ಹೊದಿಯೂದು. ನಾ ಏನ ಮಾಡಿದೆ? ಗಾಜಿನ ಮನಿಯವರಿಗೆ ಒಣ ರೊಟ್ಟಿ ಏನ ಇಡೂದು, ಮರ್ಯಾದಿ ಅಲ್ಲ ಅಂತ ಹೂರಣದ ಹೋಳಿಗಿ ಮಾಡಿ, ತುಪ್ಪ ಸವರಿ, ಹನ್ನೆರಡಕ್ಕೂ ಒಂದೊಂದು ತುಂಡ ಮಡಚಿ ಇಟ್ಟೆ. ಅತ್ತಿ ಹೊರಸಿನ ಮ್ಯಾಲೆ ಕುಂತು ನೋಡಾಕತ್ತಿದ್ಲು. ಮಾತ ಬಿಟ್ಟಿರದಿದ್ರ 'ಏ ಹುಚ್ಚಿ, ಬೆಲ್ಲ ಐತದರಾಗ' ಅಂತಿದ್ಲು. ಅನ್ನಲಿಲ್ಲ. ತಗದು ಹಕ್ಕಿಗೆ ಹಾಕ್ರಿ ಅಂತ ಸುಮಾಗ ಹೇಳೂದು ನಾನೂ ಮರತೆ.

ಎರಡ ದಿನಕ್ಕ ಮನಿ ಮಾಲಕರ ಫೋನಿಗೆ ಸುಮಾ ಫೋನ್ ಮಾಡಿದ್ಲು. 'ಆಂಟಿ, ಕೌದೀಲಿ ಏನಿಟ್ಟಿದೀರ? ಗೋಡೆ ತುಂಬಾ ಇರುವೆ! ಕಂಪ್ಯೂಟರ್ ತಂಕ ಸಾಲು ಹೋಗಿದೆ. ಮಧ್ಯಾಹ್ನ ಗೆಸ್ಟ್ ಬರ್ತಾರೆ, ಮೇಡಂ ಎಲ್ಲಾ ಕಿತ್ತು ವಾಪಸ್ ಕಳಿಸಿ ಅಂತಿದಾರೆ!' ಒಳಗ ಬಂದು ನಿಮ್ಮ ಮುತ್ಯಾಗ ಹೇಳಿದೆ, ಆಂವ ಮಾಳಗಿ ನೋಡಿದ. ನಿಮ್ಮಪ್ಪನ ಪುಸ್ತಕದ ಚೀಲ ಗೂಟಕ್ಕ ನೇತಾಡಾಕತ್ತಿತ್ತು. ಅದನ್ನ ನೋಡಿದ್ದಽ ನನಗ ಅಳು ಬಂತು. ಆಗ ಮೂರ ದಿನದ, ಅಲ್ಲ, ಐದ ದಿನದ ಮ್ಯಾಲೆ ಅತ್ತಿ ಬಾಯಿ ತಗದ್ಲು. 'ಅಳೂದಾದ ಮ್ಯಾಲೆ ಚಪ್ಪಲಿ ಹಾಕ್ಕೊ. ನಾನೂ ಬರತೀನಿ.'

ಎರಡ ಬಸ್ ಬದಲಿ ಮಾಡಿ ಹೋದ್ವಿ. ಬಾಗಲದಾಗ ಕಾವಲಿನಾಂವ 'ಕಾರ್ಡ್ ಉಂದಾ ಅಮ್ಮಾ?' ಅಂದ. ಅತ್ತಿ ಛತ್ರಿ ಎತ್ತಿ, 'ಕಾರ್ಡ್ ಗೀರ್ಡ್ ನಕ್ಕೋ ಬಾಬಾ, ಮೈ ಇಸ್ಕಿ ಸಾಸ್' ಅಂದ್ಲು. ಈಕಿ ಅತ್ತಿ ನಾನು ಅಂದ ಮ್ಯಾಲೆ ಯಾವ ಕಾರ್ಡ ಬೇಕು? ಆಂವ ಬಿಟ್ಟ, ದೇವರಾಣಿ ಬಿಟ್ಟ! ಒಳಗ ನೆಲ ಕನ್ನಡಿಯಂಗ, ಕಾಲ ಇಡಾಕ ಅಂಜಿಕಿ. ದೊಡ್ಡ ಮೇಡಂ ತೆಲುಗಿನಾಕಿ, ಸೊಂಟಕ್ಕ ಕೈ ಇಟ್ಟು ನಿಂತಿದ್ಲು. ಇಬ್ಬರು ಪೊರಕಿ ಹಿಡಕೊಂಡಿದ್ರು. ಅತ್ತಿ ಸೀದಾ ಮೊದಲನೇ ಕೌದಿಗೆ ಹೋದ್ಲು, ಮೂಲಿ ಕಿಸೆ ಬಿಚ್ಚಿದ್ಲು, ಹೋಳಿಗಿ ತಗದ್ಲು, ಫೂ ಫೂ ಅಂತ ಇರುವಿ ಊದಿದ್ಲು, ಎಲ್ಲಾರ ಮುಂದ ಬಾಯಾಗ ಹಾಕ್ಕೊಂಡ್ಲು. 'ಯಾಲಕ್ಕಿ ಕಮ್ಮಿ ಆತು' ಅಂತ ನನ್ನ ಕಡಿ ನೋಡಿದ್ಲು. ಅಲ್ಲಿನೂ ಬಿಡಲಿಲ್ಲ ಮಾರಾಯ್ತಿ!

ಹಸದ ಕೌದಿ ಪದ್ಧತಿ ಆವಾಗ ನಾ ಸುಮಾಗ ಹೇಳಿದೆ, ಆಕಿ ಮೇಡಂಗ ಎಲ್ಲಾ ತಿಳಿಸಿ ಹೇಳಿದ್ಲು. ಮೇಡಂ ಸಿಟ್ಟು ಅರ್ಧಾ ಇಳೀತು, ಪೂರಾ ಇಳೀಲಿಲ್ಲ. ಅಷ್ಟರಾಗ ಅತ್ತಿ ಕೆಳಗಿನ ಕಾರ್ಡ ಛತ್ರೀಲೆ ತೋರಿಸಿ, 'ಇದರಾಗ ಏನ ಬರದೈತಿ?' ಅಂದ್ಲು. ಸುಮಾ ಅಂಜಕೋತ ಓದಿದ್ಲು, ಭೀಮಾ ನದಿ, ತೆರೆ, ಸೂರ್ಯಾಸ್ತ. 'ಸುಳ್ಳ! ಆ ಪ್ರೇರಣಾ ನಾನಽ. ನಾ ಬಿಚ್ಚು ಅಂದಿದ್ದಕ್ಕ ಹೊಲಿಗಿ ನೆಟ್ಟಗ ಐತಿ, ನನ್ನ ಮ್ಯಾಲಿನ ಸಿಟ್ಟಿಗೆ ಹನ್ನೆರಡು ಮುಗದಾವು. ನೋಡ್ರಿ, ಇದು ನನ್ನ ಸೀರಿ. ಕಾಲಕಡಿ ಹಚ್ಯಾಳ. ದಿನಾ ಒದಿಯಾಕ. ಬರೀ ಹಂಗಽ. ಅತ್ತಿ ಅಂತ ಬರಿ.' ನನಗ ನೆಲ ಬಾಯಿ ಬಿಟ್ರ ಸಾಕಾಗಿತ್ತು. ಸುಮಾ ತೆಲುಗಿನಾಗ ಹೇಳಾಕ ಬಾಯಿ ತಗದ್ಲು, ಬೇಕಾಗಲಿಲ್ಲ. ಅತ್ತಿ ಅಂದ್ರ ತೆಲುಗಿನಾಗೂ ಅತ್ತನಽ. ಮೇಡಂ ಆ ಹಸರ ತುಂಡ ನೋಡಿದ್ಲು, ನನ್ನ ನೋಡಿದ್ಲು, ಅತ್ತೀನ್ನ ನೋಡಿದ್ಲು, ಬಾಯಿಗೆ ಕೈ ಹಚ್ಚಿಕೊಂಡು ನಗಾಕ ಹತ್ತಿದ್ಲು. ಪೊರಕಿಯವರಿಗೆ ಇರುವಿ ಅಷ್ಟ ಬಳೀರಿ, ಕೌದಿ ಇರಲಿ ಅಂದ್ಲು. ಹನ್ನೊಂದು ಹೋಳಿಗಿ ಹೊರಗ ಬಂದ್ವು, ಕಾರ್ಡ ಬದಲಾತು, ಹೊರದೇಶದವರು ಬಂದು ಏನ ನೋಡಿದ್ರೋ ಬಿಟ್ರೋ ನನಗ ಗೊತ್ತಿಲ್ಲ. ಮುಂದಿನ ವಾರ ಮೇಡಂ ಕಾರಿನಾಗ ನಮ್ಮ ಓಣಿಗೆ ಬಂದ್ಲು, ಕೈಯಾಗೊಂದು ಹಳದಿ ಸೀರಿ. 'ಮಾ ಅತ್ತಗಾರಿದಿ', ಅಂದ್ರ ನಮ್ಮ ಅತ್ತ್ಯಾರದು, ಅಂತ ಕೊಟ್ಟು ಕೈಲೆ ಕೆಳಗ ತೋರಿಸಿದ್ಲು. ಕಾಲಕಡಿ! ಆಕಿ ಹಿಂದ ಆ ಆಫೀಸಿನ ಹೆಣಮಕ್ಕಳು ಒಬ್ಬೊಬ್ಬರಾಗಿ ತಮ್ಮ ತಮ್ಮ ಅತ್ತಿ ಸೀರಿ ಕಣ್ಣು ತಪ್ಪಿಸಿ ತರಾಕ ಹತ್ತಿದ್ರು. ನಿಮ್ಮಪ್ಪ ಕಾಲೇಜ ಮುಗಿಸಿದ್ದು ಅವರೆಲ್ಲಾರ ಅತ್ತ್ಯಾರ ಪುಣ್ಯಾದಾಗ.

ಆದ್ರ ಅವತ್ತ ಹೊಳ್ಳಿ ಬರೂ ಮುಂದ, ಬಸ್ಸಿನಾಗ, ನನಗ ಭಾಳ ನಾಚಿಕಿ ಆಗಿತ್ತು. ಆಕಿ ಕಿಡಕಿ ಹೊರಗ ನೋಡಕೋತ ಕುಂತಿದ್ಲು. ನಾ ಅಂದೆ, 'ಅತ್ತ್ಯಾರ, ತಪ್ಪಾತ್ರಿ. ಮನೀಗೆ ಹೋಗಿ ನಮ್ಮ ಕೌದಿದರೆ ಬಿಚ್ಚತೀನಿ, ನಿಮ್ಮ ಸೀರಿ ತಲಿಕಡಿ ಹಚ್ಚತೀನಿ.' ಜೀವಮಾನದಾಗ ಮೊದಲನೇ ಸಲ ಆಕಿ, 'ಬಿಚ್ಚಬ್ಯಾಡ' ಅಂದ್ಲು. ಆಮ್ಯಾಲೆ ಅಂದ್ಲು, 'ನಿನ್ನ ಗಂಡಗ ಕೂಸಿದ್ದಾಗಿಂದ ಥಂಡಿ ಮೊದಲ ಕಾಲಿಗಽ ಹತ್ತತೈತಿ. ನನಗ ಈಗ ಬಗ್ಗಿ ಅವನ ಕಾಲ ತಿಕ್ಕಾಕ ಆಗಂಗಿಲ್ಲ. ನನ್ನ ಸೀರಿ ಅಲ್ಲೆ ಇರಲಿ.'

ನಾ ತಾರ್ನಾಕ ಬರೂತನಕಾ ಅತ್ತೆ. ಈಗೂ ಹೇಳಾಕ ಹೋದ್ರ... ಇರಲಿ. ಅದಕ್ಕಽ ನೋಡ್ರಿ, ಸಿಟ್ಟು ಬಂದ್ರ ಏನರೆ ಹೊಲೀರಿ, ಹರೀಬ್ಯಾಡ್ರಿ. ಮತ್ತ ಕೌದಿಗೆ ರೊಟ್ಟಿನಽ ಇಡ್ರಿ. ಏ, ಏ, ಎಣ್ಣಿ ಕೈ ಅದಕ್ಕ ಒರಸಬ್ಯಾಡೋ, ನಿಮ್ಮ ಮುತ್ಯಾನ ಅವ್ವನ ಸೀರಿ ಅದು!