ಗಂಟ್ಲು ಯಾರ್ದು?

ಮಳವಳ್ಳಿ ಬಸ್ ನಿಲ್ದಾಣದ ಎದುರಿನ ಸಿ.ಡಿ. ಅಂಗಡಿಗೆ ಸುತ್ತಲಿನ ಬ್ಯಾಂಡುಗಳ ಹೊಸ ಹಾಡುಗಳೆಲ್ಲ ಬರುತ್ತವೆ. ನಿನ್ನೆ ನಾನು ಇಯರ್‌ಫೋನ್ ಕೊಳ್ಳಲು ನಿಂತಿದ್ದಾಗ ಅಂಥದೊಂದು ಹಾಡು ಮೊಳಗುತ್ತಿತ್ತು. ಅದರ ಸಿ.ಡಿ. ಮೇಲೆ ಫೋಟೊ ಇದ್ದ ಹಾಡುಗಾರ್ತಿ ಗಗನ ಅಲ್ಲೇ ನಿಂತು, ತನ್ನ ಬ್ಯಾಂಡಿನ ಡ್ರಮ್ಮರ್ ಹೇಮಂತನ ಮೇಲೆ ಹರಿಹಾಯುತ್ತಿದ್ದಳು.

“ಮಕ ನಂದು ಆಕಿದ್ದೀರ. ಗಂಟ್ಲು ಯಾರ್ದಲಾ ಇದು?”

“ಬೆಂಗ್ಳೂರೋಳ್ದು ಕಣೆ. ಸ್ಟುಡಿಯೋದವ್ರು ಅವ್ಳ ಕೈಲಿ ಆಡ್ಸುದ್ರು.”

“ನಾನು ಆಡಿದ್ದು ಏನಾಯ್ತು?”

“ಅಳಿಸ್ಬುಟ್ರು. ನೀನು ‘ಹಳ್ಳಿ’ ಅನ್ನೋ ಕಡೆ ‘ಅಳ್ಳಿ’ ಅಂತೀಯಂತೆ.”

“ನಮ್ಮೂರ್ ಮೇಲೆ ಕಟ್ಟಿದ್ ಪದ. ನಾವು ಅನ್ನಂಗೇ ಅಂದೆ. ನೀನು ಅಲ್ಲೇ ಕೂತಿದ್ದಲ್ಲ, ಒಂದ್ ಮಾತು ಕೇಳಕ್ಕಾಗ್ನಿಲ್ವ?”

ಹಾಡು ನಿಲ್ಲಿಸಲೇ ಎಂದು ಅಂಗಡಿಯವನು ಕೇಳಿದ.

“ಬ್ಯಾಡ ಕಣಣ್ಣ, ಇವ್ನು ಕೇಳ್ಕಳ್ಲಿ.”

“ಓಗ್ಲಿ ಬುಡೆ. ಸಂಜೆ ಕೊಪ್ಪದಲ್ಲಿ ಪ್ರೋಗ್ರಾಮು, ಜನ ಕಾಯ್ತವ್ರೆ.”

“ಅವ್ಳ್ನೇ ಕರ್ಕೊಂಡೋಗು.”

“ಅವ್ಳು ಕೊಪ್ಪಕ್ಕೆ ಬಂದಾಳೇನೆ?”

“ಬರ್ನಿಲ್ಲ ಅಂದ್ರೆ ನೀನೊಬ್ನೇ ಡ್ರಮ್ಮು ಬಡ್ಕಂಡು ಕೂತ್ಕೊ.”

ಎದುರಿನ ನಿಲ್ದಾಣದಿಂದ ಅವಳೂರು ಬೆಳಕವಾಡಿಯ ಬಸ್ಸು ಹೊರಡುತ್ತಿತ್ತು. ಗಗನ ಓಡಿ ಹತ್ತಿದಳು. ಏನೋ ಕೂಗುತ್ತ ಹೇಮಂತ ಕಿಟಕಿಯ ಪಕ್ಕದಲ್ಲೇ ಓಡಿದ. ಅವಳು ಗಾಜು ಎಳೆದುಕೊಂಡಳು.