ಗಾಜಿನ ದಾದಿಯ ತಂತಿ ಕಿತ್ತವನು

ನನ್ನ ಹೆಸರು ರಶ್ವಾನ್, ತಂದೆ ದಿವಂಗತ ಅಬುಲ್ ವಫಾ, ವಯಸ್ಸು 46 ವರ್ಷ, ಉದ್ಯೋಗ ಟಿವಿ ಧಾರಾವಾಹಿಗಳಲ್ಲಿ ನಟನೆ, ವಾಸ ಕೈರೋ ನಗರದ ಭಿಸ್ತಿಗಳ ಓಣಿ, ಮನೆ ನಂಬರ್ 9. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಈ ರಂಜಾನ್ ತಿಂಗಳಲ್ಲಿ ದಿನಕ್ಕೊಂದರಂತೆ ಮೂವತ್ತು ಕಂತು ಬರಬೇಕಾದ 'ಗಾಜಿನ ದಾದಿ' ಧಾರಾವಾಹಿಯಲ್ಲಿ ನಾನು ಎಂಜಿನಿಯರ್ ಶಾಕಿರ್. ಕಥೆ ಇನ್ನೂರು ವರ್ಷ ಮುಂದಿನದು. ವದೀದಾ ಎಂಬ ಯಂತ್ರದ ದಾದಿ ಆಸ್ಪತ್ರೆಯ ಮಕ್ಕಳನ್ನು ಸಾಕುತ್ತಾಳೆ, ಶಾಕಿರ್ ಅವಳನ್ನು ನಿಲ್ಲಿಸಲು ಹೊಂಚು ಹಾಕುತ್ತಾನೆ. ನಮ್ಮ ಓಣಿಯವರು ವದೀದಾಳನ್ನು ಮನೆಮಗಳಂತೆ ಹಚ್ಚಿಕೊಂಡಿದ್ದಾರೆ. ಹದಿನಾಲ್ಕನೇ ಕಂತಿನ ಮರುದಿನದಿಂದ ರೊಟ್ಟಿ ಅಂಗಡಿಯ ಹಾಜಮ್ಮ ಇನ್ಸಾಫ್ ನನಗೆ ರೊಟ್ಟಿ ಕೊಟ್ಟಿಲ್ಲ. ಶಾಕಿರ್ ಹೇಳುವುದರಲ್ಲೂ ನ್ಯಾಯವಿದೆ ಎಂದ ದರ್ಜಿ ಗಿರ್ಗಿಸ್‌ಗೆ ಕಾಫಿ ಅಂಗಡಿಯಲ್ಲಿ ಎರಡು ದಿನ ಚಹಾ ಸಿಗಲಿಲ್ಲ.

ಇಂದು ರಂಜಾನ್ 29. ಸಂಜೆ 6 ಗಂಟೆ 11 ನಿಮಿಷಕ್ಕೆ ಉಪವಾಸ ಬಿಟ್ಟು, ತಾಯಿ ಬಹಿಯ್ಯಾ (71 ವರ್ಷ) ಜೊತೆ ಟಿವಿ ಮುಂದೆ ಕುಳಿತೆ. 7 ಗಂಟೆ 16 ನಿಮಿಷಕ್ಕೆ ಶಾಕಿರ್ ವದೀದಾಳ ತಂತಿ ಕಿತ್ತ. ಅದೇ ಹೊತ್ತಿಗೆ ಪರದೆಯ ಕೆಳಗೆ, ಚಂದ್ರ ಕಂಡಿದ್ದಾನೆ, ನಾಳೆಯೇ ಈದ್ ಎಂಬ ಸುದ್ದಿ ಬಂತು. ಉಪವಾಸ ಇಪ್ಪತ್ತೊಂಬತ್ತಕ್ಕೇ ಮುಗಿದ ಮೇಲೆ ಕಥೆಯೂ ಅಲ್ಲಿಗೇ ಮುಗಿಯಿತು, ದಾದಿ ಸತ್ತೇಹೋದಳು ಎಂದು ಇಡೀ ಓಣಿ ತಿಳಿಯಿತು. ಇದು ತಪ್ಪು. ಕೊನೆಯ ಕಂತು ಈದ್ ದಿನ ಸಂಜೆ ಇದೆ.

ನನ್ನ ತಾಯಿ ಎದ್ದು ನಿಂತು, "ಏನೋ ಪಾಪಿ, ಆ ಹೆಣ್ಣು ನಿನಗೇನೋ ಮಾಡಿತ್ತು?" ಎಂದರು. ಅಮ್ಮಾ ಅದು ನಾಟಕ ಎಂದೆ. "ಕಿತ್ತಿದ್ದು ನಿನ್ನ ಕೈಯೇ ತಾನೇ?" ಎಂದು ನನ್ನನ್ನು ಹೊರಗೆ ತಳ್ಳಿ ಅಗುಳಿ ಹಾಕಿಕೊಂಡರು. ಓಣಿಯಲ್ಲಿ ಸುಮಾರು ನಲವತ್ತು ಜನ ಸೇರಿದ್ದರು. ಹಾಜಮ್ಮ ಇನ್ಸಾಫ್ ಆರು ಅಡಿ ದೂರದಿಂದ ಎಸೆದ ಹಿಟ್ಟಿನ ಮುದ್ದೆ ನನ್ನ ಎಡಗಿವಿಗೆ ಬಡಿಯಿತು. ಗಾಯವಾಗಿಲ್ಲ. "ಹಬ್ಬದ ಹಿಟ್ಟೂ ನಿನ್ನಿಂದ ಹಾಳಾಯ್ತು!" ಎಂದು ಅದಕ್ಕೂ ನನ್ನನ್ನೇ ಬೈದರು. ನಾನು ನಾನೂರು ಮೀಟರ್ ಓಡಿ ಇಲ್ಲಿಗೆ ಬಂದೆ.

ಕೊನೆಯ ಕಂತಿನಲ್ಲಿ ಏನಿದೆಯೆಂದು ಒಂದು ಮಾತು ಹೇಳಿದರೆ ಮನೆಯ ಬಾಗಿಲು ತೆರೆಯುತ್ತದೆ, ಹಬ್ಬದೂಟವೂ ಸಿಗುತ್ತದೆ. ಆದರೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ. ಬಾಯಿ ಬಿಟ್ಟರೆ ಮುಂದಿನ ವರ್ಷದ ಭಾಗದಲ್ಲಿ ನಾನಿಲ್ಲ. ಇದುವರೆಗೆ ಹೆಣ, ಮಾಣಿ, ಮದುವೆಮನೆಯ ನೆಂಟ ಇಷ್ಟೇ ಆಗಿದ್ದವನಿಗೆ ಹೆಸರಿರುವ ಪಾತ್ರ ಇದೇ ಮೊದಲು. ಹೇಳಿಕೆ ಬರೆದುಕೊಳ್ಳುತ್ತಿರುವ ಸಾಹೇಬರೂ, "ಬದುಕ್ತಾಳಾ ಇಲ್ವಾ, ಅಷ್ಟು ಹೇಳ್ರೀ, ನಮ್ಮನೆಯವಳು ಫೋನಲ್ಲೇ ಕಾಯ್ತಾ ಇದಾಳೆ" ಎಂದರು. ಹೇಳಲಿಲ್ಲ.

8 ಗಂಟೆ 5 ನಿಮಿಷಕ್ಕೆ ಒಬ್ಬ ಪೇದೆಯೊಂದಿಗೆ ನನ್ನನ್ನು ಮನೆಗೆ ಕಳುಹಿಸಿದರು. ತಾಯಿ ಬಾಗಿಲು ತೆಗೆಯದೆ, "ಸಾಹೇಬ್ರೇ, ಅವನನ್ನ ನಿಮ್ಮಲ್ಲೇ ಇಟ್ಕೊಳ್ಳಿ. ಆ ಕಣ್ಣು ನೋಡಿದ್ರಾ? ನಾನು ಹೆತ್ತ ಮಗನ ಕಣ್ಣಲ್ಲ ಅದು" ಎಂದರು.

ಹೊರಗೆ ನಿಂತಿದ್ದ ನನಗೆ ಸಂತೋಷದಿಂದ ಅಳು ಬಂತು. ಇಪ್ಪತ್ತೆರಡು ವರ್ಷದಿಂದ ನಾನು ಪರದೆಯ ಮೇಲೆ ಬಂದಾಗಲೆಲ್ಲ ತಾಯಿ ನೆರೆಯವರನ್ನು ಕರೆದು, "ಹೆಣ ಅಲ್ಲ ಕಣ್ರೇ, ನಮ್ಮ ರಶ್ವಾನ್, ಕೆಮ್ಮು ತಡ್ಕೊಂಡು ಮಲಗಿದಾನೆ" ಎನ್ನುತ್ತಿದ್ದರು. ಇಂದು ಮೊದಲ ಸಲ ಅವರಿಗೆ ಪರದೆಯಲ್ಲಿ ನಾನು ಕಾಣಿಸಲಿಲ್ಲ.

ಆದ್ದರಿಂದ, ಪೇದೆಯೊಂದಿಗೆ ಠಾಣೆಗೆ ಮರಳಿರುವ ನನಗೆ ಯಾರ ಮೇಲೂ ದೂರಿಲ್ಲ. ನಾಳೆ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಲು ಅನುಮತಿ ಕೋರುತ್ತೇನೆ. ಬರೆದದ್ದನ್ನು ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ, ಇದರಲ್ಲಿ ನಟನೆಯಿಲ್ಲ.

ಸ್ಥಳ: ಕೈರೋ
ದಿನಾಂಕ: ರಂಜಾನ್ 29, ರಾತ್ರಿ 8-40
ಸಹಿ: ರಶ್ವಾನ್ ಅಬುಲ್ ವಫಾ