ದರ್ಶನಕ್ಕೆ ನಿಲ್ಲುವ ಹಲ್ಲು

ಎಂಬತ್ತೆರಡರ ಬೇಸಿಗೆಯಲ್ಲಿ, ಮಣಿಪಾಲದ ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕಾಪು ಕಡೆಯ ಅಕ್ಕ, ತಮ್ಮ ಕೂತಿದ್ದರು. ತಮ್ಮನಿಗೆ ಎದುರಿನ ಹಲ್ಲುಗಳಿರಲಿಲ್ಲ. ಮಾತಿನ ಅರ್ಧ ಗಾಳಿಯಾಗಿ ಹೋಗುತ್ತಿತ್ತು.

"ತೆಗೆದು ಹಾಕುವ ಹಲ್ಲಿನ ಸೆಟ್ಟೇ ಸಾಕು ಭೋಜ. ಗಟ್ಟಿ ಕೂರಿಸುವುದಕ್ಕೆ ಪಕ್ಕದ ಒಳ್ಳೆ ಹಲ್ಲನ್ನೂ ಉಜ್ಜಿ ಸಣ್ಣ ಮಾಡಬೇಕಂತೆ."

"ಮಾಡಲಿ ಅಕ್ಕ."

"ಎಂತಕ್ಕೆ? ನೀನು ಉಣ್ಣುವುದು ಗಂಜಿ ಅಲ್ವಾ?"

"ಮೈಮೇಲೆ ದೈವ ಬರುವಾಗ ತಲೆಯಿಂದ ಕಾಲಿನವರೆಗೆ ನಡುಗ್ತೇನೆ. ಸೆಟ್ಟು ಹಾರಿ ಜನರ ಮಧ್ಯೆ ಬಿದ್ದರೆ?"

"ದರ್ಶನಕ್ಕೆ ನಿಲ್ಲುವ ಮೊದಲು ತೆಗೆದಿಡು ಮಾರಾಯ."

"ಮತ್ತೆ ದೈವದ ನುಡಿ ಯಾರಿಗೆ ತಿಳಿಯುವುದು? ಹೋದ ವರ್ಷ ಒಬ್ಬಳು ಅಜ್ಜಿ ಮಗನ ಕಾಯಿಲೆ ಕೇಳ್ಳಿಕ್ಕೆ ಬಂದಿದ್ದಳಂತೆ. ಹಲ್ಲಿಲ್ಲದ ಬಾಯಿಯ ನುಡಿ ಒಂದೂ ತಿಳಿಯದೆ ಅಳುತ್ತಾ ಹೋದಳಂತೆ. ದರ್ಶನದಲ್ಲಿದ್ದ ನನಗೆ ನೆನಪಿಲ್ಲ. ನೀನೇ ಅಲ್ವಾ ಆಮೇಲೆ ಹೇಳಿದ್ದು?"

ಒಳಗಿನಿಂದ ಭೋಜನ ಹೆಸರು ಕೂಗಿದರು. ಅವನಿಗಿಂತ ಮೊದಲು ಅಕ್ಕನೇ ಎದ್ದು ಸೆರಗು ಸರಿಮಾಡಿಕೊಂಡಳು.

"ಗಟ್ಟಿದೇ ಕೂರಿಸಲಿ. ಡಾಕ್ಟ್ರಿಗೆ ನಾನು ಹೇಳ್ತೇನೆ, ನೀನು ಬಾಯಿ ಮಾತ್ರ ತೆರೆ. ನೀನು ಹೇಳಿದರೆ ಅವರಿಗೂ ತಿಳಿಯಲಿಕ್ಕಿಲ್ಲ."